ಬೋಟಿನ ವಿಳಾಸ

ಜನವರಿ 22, ಮಂಗಳವಾರ. ಸಂಜೆ 5

ಈ ಒಂದು ಮಾತನ್ನು ಇಲ್ಲಿಯೂ ಬರೆಯದೇ ಬಿಡುವವಳಿದ್ದೆ. ನನ್ನ ಗಂಡ ಲೈಲ್ ಮನೆಯಲ್ಲಿ ಮಲಗುತ್ತಿಲ್ಲ. ನವೆಂಬರ್ ಎರಡರಿಂದ.

ಬರೆದಾಯಿತು. ಯಾರೂ ಓದುವುದಿಲ್ಲ. ಆದರೂ ಬರೆಯುವಾಗ ಎಡಗೈಯಿಂದ ಮುಚ್ಚಿಕೊಂಡಿದ್ದೆ, ಪರೀಕ್ಷೆಯಲ್ಲಿ ಪಕ್ಕದವಳು ನೋಡಿಬಿಟ್ಟಾಳು ಎಂಬ ಹಾಗೆ.

ಉಳಿದದ್ದೆಲ್ಲ ಎಂದಿನಂತೆಯೇ. ನಾನು ಕೆಲಸ ಮಾಡುವ ಸ್ಕೂಲು ಮೂರಕ್ಕೆ ಬಿಟ್ಟಿತು. ಗಾಳಿಗೆ ಛತ್ರಿ ತಿರುಗಿಕೊಂಡಿತು. ಅನ್ನಕ್ಕೆ ಇಟ್ಟೆ, ಇಬ್ಬರಿಗಾಗುವಷ್ಟು. ಕಮ್ಮಿ ಮಾಡಬೇಕೆಂದು ಪ್ರತಿದಿನ ಅಂದುಕೊಳ್ಳುತ್ತೇನೆ, ಪ್ರತಿದಿನ ಅಷ್ಟೇ ಇಡುತ್ತೇನೆ. ಮರುದಿನ ಬೆಳ್ಳುಳ್ಳಿ ಹಾಕಿ ಹುರಿದುಕೊಂಡು ತಿನ್ನುವುದು.

ಇವತ್ತಿನಿಂದ ಅರ್ಜಿ ಕಳಿಸಬಹುದು. ನನ್ನ ಗ್ರೀನ್ ಕಾರ್ಡು ಎರಡು ವರ್ಷದ್ದು, ಷರತ್ತಿನದ್ದು. ಏಪ್ರಿಲ್ 22ಕ್ಕೆ ಮುಗಿಯುತ್ತದೆ. ಅದಕ್ಕೆ ಮೊದಲಿನ ತೊಂಬತ್ತು ದಿನಗಳೊಳಗೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ ಕೇಳಿಕೊಳ್ಳಬೇಕು — ನಮ್ಮದು ನಿಜವಾದ ಮದುವೆ, ಷರತ್ತು ತೆಗೆಯಿರಿ ಎಂದು. ಕೇಳದಿದ್ದರೆ ಕಾರ್ಡು ಹೋಯಿತು. ನಾನೂ ಹೋದೆ... ನಮ್ಮೂರು ಬಟಾಕ್‌ಗೆ, ತಂಗಿಯ ಮನೆಯಲ್ಲಿ ಹೊಲಿಗೆ ಯಂತ್ರದ ಪಕ್ಕ ಒಂದು ಮಂಚ.

ಫಾರಂ ಪ್ರಿಂಟ್ ಮಾಡಿಸಿ ತಂದೆ. ಚಮಚಗಳ ಡ್ರಾಯರಿನಲ್ಲಿ ಇಟ್ಟೆ. ಯಾಕೆ ಅಲ್ಲಿ ಇಟ್ಟೆನೋ.

ಜನವರಿ 27, ಭಾನುವಾರ

ಲೈಲ್ ಹನ್ನೆರಡಕ್ಕೆ ಬಂದ. ಭಾನುವಾರ ಮಾತ್ರ ತಪ್ಪಿಸುವುದಿಲ್ಲ. ಕಾಡ್ ಮೀನು ತಂದಿದ್ದ, ಶುಚಿ ಮಾಡಿ, ಪೇಪರಿನಲ್ಲಿ ಸುತ್ತಿ. ಬೂಟು ಬಾಗಿಲ ಬಳಿ ಬಿಟ್ಟ.

"ಹೆಂಗಿದೀಯ, ಫೆಲ್?"

"ಚೆನ್ನಾಗಿದೀನಿ. ನೀನು?"

"ಹ್ಞೂಂ. ಸ್ಟವ್ ಇನ್ನೂ ಸದ್ದು ಮಾಡುತ್ತಾ?"

ಸ್ಟವ್ ಬಿಚ್ಚಿ ಸರಿಮಾಡಿದ. ನಮ್ಮೂರಿನ ತರಕಾರಿ ಅಡುಗೆ ಪಿನಾಕ್ಬೆಟ್ ಎರಡು ಸಲ ಬಡಿಸಿಕೊಂಡ. ಯಾವಾಗಲೂ ಹಾಗಲಕಾಯಿ ಬದಿಗಿಡುವವನು ಇವತ್ತು ಅದನ್ನೂ ತಿಂದ. ಅದರ ಅರ್ಥವೇನು? ಇಂಥದ್ದಕ್ಕೆಲ್ಲ ಅರ್ಥ ಹುಡುಕುವುದು ನನಗೆ ಯಾವಾಗಿನಿಂದ ಅಭ್ಯಾಸವಾಯಿತು?

ನಾಲ್ಕಕ್ಕೆ ಎದ್ದ. "ಪಂಪ್ ಒಂದ್ಸಲ ನೋಡ್ಬೇಕು." ಬೋಟಿನೊಳಗೆ ಬರುವ ನೀರೆತ್ತುವ ಪಂಪ್. ನವೆಂಬರಿನಿಂದ ಅದೇ ಪಂಪ್. ನಲವತ್ತು ವರ್ಷ ಸಮುದ್ರದಲ್ಲಿ ಕಳೆದವನು, ಒಂದು ಪಂಪನ್ನು ಮೂರು ತಿಂಗಳು ರಿಪೇರಿ ಮಾಡುತ್ತಾನೆಯೇ?

ಫಾರಂ ವಿಷಯ ಎತ್ತಲಿಲ್ಲ.

ಆ ದಿನದ್ದನ್ನೂ ಬರೆದುಬಿಡುತ್ತೇನೆ. ನವೆಂಬರ್ ಎರಡು, ಸತ್ತವರ ದಿನ. ಅಮ್ಮನ ಫೋಟೋ ಮುಂದೆ ಎಡೆ ಇಟ್ಟೆ. ಅದೇ ಶೆಲ್ಫಿನಲ್ಲಿ ಡೋರೀನ್ ಫೋಟೋ ಇದೆ — ಲೈಲ್‌ನ ಮೊದಲ ಹೆಂಡತಿ, ಹೋಗಿ ಎಂಟು ವರ್ಷ. ಒಂದೇ ಶೆಲ್ಫಿನ ಇಬ್ಬರಲ್ಲಿ ಒಬ್ಬರಿಗೆ ಬಡಿಸಿ ಇನ್ನೊಬ್ಬರನ್ನು ಉಪವಾಸ ಕೂರಿಸಲು ಮನಸ್ಸಾಗಲಿಲ್ಲ. ನಮ್ಮೂರಲ್ಲಾದರೆ ಯಾರೂ ಹಾಗೆ ಮಾಡುವುದಿಲ್ಲ. ನೀಲಿ ಅಂಚಿನ ತಟ್ಟೆ ತೆಗೆದೆ. ತೆಂಗಿನಹಾಲಿನಲ್ಲಿ ಬೇಯಿಸಿದ ಅಂಟಕ್ಕಿ, ಒಂದು ಮೊಟ್ಟೆ, ಬಿಸಿ ಕಾಫಿ. ಪಕ್ಕದ ಮನೆಯಿಂದ ಒಂದು ಸಿಗರೇಟು ಕೇಳಿ ತಂದೆ, ಫೋಟೋದಲ್ಲಿ ಅವಳ ಬೆರಳಲ್ಲಿ ಸಿಗರೇಟಿದೆ, ಅದಕ್ಕೆ.

ಲೈಲ್ ಬಂದ. ಕೋಟು ಬಿಚ್ಚದೆ ನಿಂತ.

"ಇದೇನು?"

"ಡೋರೀನ್‌ಗೆ," ಎಂದೆ.

ನಾನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಅವನಿರಲಿಲ್ಲ. ತಟ್ಟೆಯೂ ಇರಲಿಲ್ಲ. ಆಮೇಲೆ ಫೋನು: ಪಂಪ್ ಕೆಟ್ಟಿದೆ, ಇವತ್ತು ಬೋಟಲ್ಲೇ ಇರುತ್ತೇನೆ.

ಎಸೆದಿರಬೇಕು. ಯಾರದೋ ಕಾಡುಜನರ ಆಚಾರ ಎಂದುಕೊಂಡಿರಬೇಕು. ಅಥವಾ — ಸತ್ತವಳನ್ನು ಮುಟ್ಟಲು ನಿನಗೇನು ಹಕ್ಕು ಎಂದೋ. ಕೇಳಲಿಲ್ಲ. ಅವನು ಹೇಳಲಿಲ್ಲ. ಜಗಳವಾಗಿದ್ದರೆ ಮುಗಿಸುವ ದಾರಿ ಗೊತ್ತಿರುತ್ತಿತ್ತು.

ಬೋಟಿನ ಹೆಸರು 'ಡೋರೀನ್ ಎಂ.' ನನ್ನ ಗಂಡ ದಿನಾ ಹೋಗಿ ಮಲಗುವುದು ಅಲ್ಲಿ.

ಫೆಬ್ರವರಿ 5, ಮಂಗಳವಾರ

ಎರಡನೇ ಕ್ಲಾಸಿನ ಮೇರಿಯೆಲ್ ಹೋದ ಬೇಸಿಗೆಯಲ್ಲಿ ನಮ್ಮ ಕಡೆಯಿಂದ ಬಂದವಳು. ಓದಿಸುವುದು ನನ್ನ ಪಾಲಿಗೆ ಬಂದಿದೆ.

"ಟೀಚರ್, ನನ್ನ ಅಪ್ಪ ಕೆಲಸಕ್ಕೆ ಹೋದಳು."

"ಹೋದನು."

"ಹೋದನು. ಅವಳು ಮೀನು ಕತ್ತರಿಸ್ತಾಳೆ."

"ಮೇರಿಯೆಲ್..."

"ಅವನು, ಅವನು!" ತಲೆ ಚಚ್ಚಿಕೊಂಡಳು.

ಪಾಪ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಪದ. ಗಂಡೋ ಹೆಣ್ಣೋ ಕೇಳುವವರಿಗೆ ಗೊತ್ತೇ ಇರುತ್ತದೆ ಎಂದು ನಂಬಿ ಮಾತಾಡುವ ಭಾಷೆ. ಇಂಗ್ಲಿಷಿಗೆ ಬಂದ ಕೂಡಲೇ ನಮ್ಮ ಅಪ್ಪಂದಿರೆಲ್ಲ ಹೆಂಗಸರಾಗುತ್ತಾರೆ. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಇದಕ್ಕೆ ಗೆಣ್ಣಿಗೆ ಹೊಡೆಯುತ್ತಿದ್ದರು. ಬಟಾಕ್‌ನಲ್ಲಿ ಹದಿನೆಂಟು ವರ್ಷ ನಾನೂ ಇದನ್ನೇ ತಿದ್ದಿದೆ, ಹೊಡೆಯದೆ. ನನ್ನ ಬಾಯಲ್ಲಂತೂ ಒಮ್ಮೆಯೂ ತಪ್ಪಿಲ್ಲ. ಅದೊಂದು ಜಂಬ ಇದೆ ನನಗೆ.

ಊಟದ ಬಿಡುವಿನಲ್ಲಿ ಕಾನೂನು ನೆರವಿನವರಿಗೆ ಫೋನ್ ಮಾಡಿದೆ. ಆಂಕರೇಜಿನಿಂದ ಒಬ್ಬ ಹೆಂಗಸು. ದನಿಯಲ್ಲಿ ಶೀತ ಇತ್ತು. ಹೇಳಿದೆ: ಗಂಡ ಬೋಟಿನಲ್ಲಿ ಮಲಗುತ್ತಾನೆ.

"ಕೆಲಸಕ್ಕಾ?"

"ಪಂಪ್ ಕೆಟ್ಟಿದೆಯಂತೆ."

"ಅಂತೆ ಅಂದ್ರೆ? ನೀವಿಬ್ರೂ ಬೇರೆ ಆಗಿದೀರಾ?"

"ಗೊತ್ತಿಲ್ಲ."

"ಮೇಡಂ, ಗೊತ್ತಿಲ್ಲ ಅನ್ನೋದಕ್ಕೆ ಫಾರಂನಲ್ಲಿ ಜಾಗ ಇಲ್ಲ." ಮೂಗು ಒರೆಸಿಕೊಂಡ ಸದ್ದು. ಆಮೇಲೆ ಮೆತ್ತಗೆ: "ನೋಡಿ, ಬೇರೆ ಮಲಗಿದ ಮಾತ್ರಕ್ಕೆ ಮದುವೆ ಸುಳ್ಳಾಗಲ್ಲ. ಇಬ್ಬರೂ ಸಹಿ ಹಾಕಿದ್ರೆ ಸೇರಿ ಅರ್ಜಿ ಹಾಕಬಹುದು. ಪ್ರಶ್ನೆ ಕೇಳಬಹುದು, ಕೇಳಲಿ. ಆದ್ರೆ ಇಲ್ಲದ್ದನ್ನ ಮಾತ್ರ ಬರೀಬೇಡಿ. ನಿಮ್ಮಿಬ್ಬರನ್ನೂ ಬಲ್ಲ ಇಬ್ಬರು ಸಾಕ್ಷಿಗಳ ಹತ್ರ ಪತ್ರ ಬರೆಸಿ. ಮೊದಲು ಗಂಡನ್ನ ಕೇಳಿ."

ಮೊದಲು ಗಂಡನನ್ನು ಕೇಳಿ. ಎಷ್ಟು ಸುಲಭ.

ಫೆಬ್ರವರಿ 24, ಭಾನುವಾರ

ಲೈಲ್ ಬಂದ, ಉಂಡ, ಹೋದ. ಬಾಗಿಲ ಹಿಡಿ ಬಿಗಿ ಮಾಡಿಕೊಟ್ಟ.

ಕೇಳಲು ಎರಡು ವಿಷಯ. ಒಂದು: ಸಹಿ ಹಾಕುತ್ತೀಯಾ. ಎರಡು: ಮನೆಗೆ ಬರುತ್ತೀಯಾ. ಮೊದಲನೆಯದನ್ನು ಕೇಳಿದ ಮೇಲೆ ಎರಡನೆಯದನ್ನು ಕೇಳಿದರೆ ಅದು ಕಾಗದಕ್ಕಾಗಿ ಕೇಳಿದ ಹಾಗೆ. ಎರಡನೆಯದನ್ನು ಮೊದಲು ಕೇಳಿ ಆಮೇಲೆ ಫಾರಂ ತೆಗೆದರೂ ಅದೇ — ಓಹೋ, ಇದಕ್ಕಾ ಕರೆದದ್ದು ಎನ್ನುತ್ತಾನೆ. ಅನ್ನುವುದಿಲ್ಲ, ಅಂದುಕೊಳ್ಳುತ್ತಾನೆ. ಡಿಸೆಂಬರಿನಲ್ಲಿ ಕೇಳಬೇಕಿತ್ತು. ಡಿಸೆಂಬರಿನಲ್ಲಿ ನಾನು ಏನು ಮಾಡುತ್ತಿದ್ದೆ? ಪಂಪ್ ಸರಿಹೋಗಲಿ ಎಂದು ಕಾಯುತ್ತಿದ್ದೆ.

ಫಾರಂನ ಕೊನೆಯಲ್ಲಿ ಪ್ರಮಾಣ. ಈ ಮದುವೆ ವಲಸೆಯ ಲಾಭಕ್ಕಾಗಿ ಆದದ್ದಲ್ಲ. ಸುಳ್ಳಾದರೆ ಶಿಕ್ಷೆ. ಇಬ್ಬರ ಸಹಿಗೂ ಎರಡು ಗೆರೆ.

ಎರಡು ಮಧ್ಯಾಹ್ನಗಳಿಂದ ಆ ಒಂದು ವಾಕ್ಯದ ಮುಂದೆ ಕೂತಿದ್ದೇನೆ. ಮದುವೆಯಾದಾಗ ನನಗೆ ನಲವತ್ತೆರಡು. ಹನ್ನೊಂದು ವರ್ಷ ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಂಡಿದ್ದೆ, ಅಮ್ಮ ಹೋಗಿದ್ದಳು. ನಾವೆಲ್ಲ ಮನಾಂಗ್, ಅಕ್ಕ, ಎಂದು ಕರೆಯುವ ಇಸಿಂಗ್ ರಜೆಗೆ ಊರಿಗೆ ಬಂದು ಹೇಳಿದ್ದರು: "ಅಲ್ಲಿ ನಾನಿರೋ ಊರಲ್ಲೊಬ್ಬ ಹೆಂಡ್ತಿ ಸತ್ತ ಮೀನುಗಾರ ಇದಾನೆ. ಮಾತು ಕಮ್ಮಿ, ಕುಡಿತ ಇಲ್ಲ, ಹಲ್ಲು ಎಲ್ಲಾ ಇದೆ." ಫೋಟೋ ನೋಡಿದೆ. ಎಂಟು ತಿಂಗಳು ವಿಡಿಯೋದಲ್ಲಿ ಮಾತಾಡಿದೆವು. ಹೆಚ್ಚು ಹೊತ್ತು ಅವನು ಸುಮ್ಮನಿರುತ್ತಿದ್ದ, ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕರೆ ಕಡಿಯುತ್ತಿರಲಿಲ್ಲ ಇಬ್ಬರೂ. ಒಂದು ಸಲ ಕೇಳಿದ: "ಊಟ ಆಯ್ತಾ?" ಅದನ್ನು ಯಾರೂ ನನ್ನನ್ನು ಕೇಳಿ ವರ್ಷಗಳಾಗಿದ್ದವು.

ಆದರೆ ಬಟಾಕ್ ಬಿಡಬೇಕು ಎಂದೂ ಇತ್ತು. ಹಿಮ ನೋಡಬೇಕು ಎಂದೂ ಇತ್ತು. ಸುಳ್ಳು ಯಾಕೆ. ಇವೆಲ್ಲ ಎಷ್ಟೆಷ್ಟು ಪಾಲು? ಅಕ್ಕಿಯನ್ನೂ ನೀರನ್ನೂ ಬೇಯುವ ಮೊದಲು ಬೇರೆ ಮಾಡಬಹುದು. ಈಗ ಯಾವುದು ಎಷ್ಟಿತ್ತು ಎಂದು ಪ್ರಮಾಣ ಮಾಡು ಎಂದರೆ ಹೇಗೆ?

ಮಾರ್ಚ್ 10, ಭಾನುವಾರ. ಮಧ್ಯಾಹ್ನ 3

ಆದದ್ದನ್ನು ಆದ ಹಾಗೆ ಬರೆಯಬೇಕು.

ಸಾಕ್ಷಿ ಪತ್ರಕ್ಕೆ ಮನಾಂಗ್ ಇಸಿಂಗ್‌ರನ್ನು ಕೇಳಿದ್ದೆ. ಮೂವತ್ತು ವರ್ಷದಿಂದ ಮೀನಿನ ಕಾರ್ಖಾನೆಯಲ್ಲಿ ಕೆಲಸ, ಈ ಊರಿನ ನಮ್ಮವರಿಗೆಲ್ಲ ಅಕ್ಕ. ಇವತ್ತು ಪೂಜೆ ಮುಗಿದ ಮೇಲೆ ಚರ್ಚಿನ ಹಾಲಿನಲ್ಲಿ ಕಾಫಿ.

"ಬರೆದ್ರಾ ಮನಾಂಗ್?"

"ಬರೀತಾ ಇದೀನಿ ಕಣೇ ಟೀಚರಮ್ಮ. ಇಂಗ್ಲಿಷಲ್ಲಿ! ನೀನು ತಿದ್ದೋ ಹಾಗಿಲ್ಲ." ಬ್ಯಾಗು ತೋರಿಸಿದರು. ಬ್ಯಾಗಿನಿಂದ ಹಾಳೆ ಇಣುಕುತ್ತಿತ್ತು. ಅವರು ಯಾರದೋ ಮಗುವನ್ನು ಎತ್ತಿಕೊಳ್ಳಲು ತಿರುಗಿದರು. ನಾನು ಎಳೆದು ನೋಡಿದೆ. ನೋಡಬಾರದಿತ್ತು.

ಮೂರೇ ಸಾಲು ಕಂಡದ್ದು: ನವೆಂಬರಿನಿಂದ ಅವಳು ಬೋಟಿನಲ್ಲಿ ಮಲಗುತ್ತಾಳೆ. ಬೋಟಿನಲ್ಲಿ ಅಳುತ್ತಾಳೆ. ಅವನು ಮನೆಗೆ ಕರೆಯಲಿ ಎಂದು ಕಾಯುತ್ತಾಳೆ.

"ಏಯ್! ಪೂರ್ತಿ ಆಗಿಲ್ಲ, ಕೊಡಿಲ್ಲಿ!" ಕಿತ್ತುಕೊಂಡರು. ನಗುತ್ತಿದ್ದರು. ನಗುತ್ತಿದ್ದರು!

ಅವಳು.

ಮನೆಗೆ ಬಂದರೆ ಲೈಲ್ ಬಾಗಿಲಲ್ಲಿ ಮೀನು ಹಿಡಿದು ನಿಂತಿದ್ದ. ತಲೆನೋವು ಎಂದೆ. "ಡಾಕ್ಟರು ಬೇಕಾ?" ಬೇಡ ಎಂದೆ. ಮೀನು ಕೊಟ್ಟು ಹೋದ. ನಾಲ್ಕು ತಿಂಗಳಲ್ಲಿ ಭಾನುವಾರದ ಊಟ ತಪ್ಪಿದ್ದು ಇದೇ ಮೊದಲು.

ಮಾರ್ಚ್ 11, ಸೋಮವಾರ

ಹಾಗಾದರೆ ಪಂಪ್ ಅಲ್ಲ.

ಮಾರ್ಚ್ 19, ಮಂಗಳವಾರ

ಎಂಟು ದಿನ ಏನೂ ಬರೆಯಲಿಲ್ಲ. ಭಾನುವಾರ ಹೊಟ್ಟೆನೋವು ಎಂದು ಲೈಲ್‌ಗೆ ಮೆಸೇಜ್ ಕಳಿಸಿದೆ. 'ಸರಿ' ಎಂದು ಬಂತು. ಆಮೇಲೆ ಹತ್ತು ನಿಮಿಷ ಬಿಟ್ಟು, 'ಶುಂಠಿ ಕುಡಿ' ಎಂದು.

ಸ್ಕೂಲು ಬಿಟ್ಟ ಮೇಲೆ ಬಂದರಿಗೆ ಹೋದೆ. ದಿನಾ. ಹದ್ದುಗಳು ಕಸದ ಡಬ್ಬಿಗಳ ಮೇಲೆ ಸಾಲಾಗಿ ಕೂತು ನನ್ನನ್ನೇ ನೋಡುತ್ತವೆ. 'ಡೋರೀನ್ ಎಂ.' ಎಫ್ ಸಾಲಿನಲ್ಲಿದೆ. ದೂರದಿಂದ ನಿಂತು ನೋಡಿದೆ, ಯಾವ ಹೆಂಗಸು ಹತ್ತುತ್ತಾಳೆ ಎಂದು. ಬಲೆ ಹೊಲಿಯುವ ಇಬ್ಬರು ಗಂಡಸರು ಬಿಟ್ಟರೆ ಯಾರೂ ಹತ್ತಲಿಲ್ಲ. ಹತ್ತದಿದ್ದದ್ದಕ್ಕೆ ಸಮಾಧಾನ ಆಗಲಿಲ್ಲ. ಒಳಗೇ ಇರಬಹುದಲ್ಲ.

ಹೇಗಿರಬಹುದು? ನಮ್ಮವಳೋ, ಅವರವಳೋ? ಅಳುತ್ತಾಳಂತೆ. ಲೈಲ್‌ಗೆ ಅಳುವವರನ್ನು ಸಂಭಾಳಿಸಲು ಬರುವುದಿಲ್ಲ. ಅವಳಿಗೆ ಶುಂಠಿ ಕೊಡುತ್ತಾನೇನೋ.

ಆಶ್ಚರ್ಯ ಒಂದಿದೆ. ಇಷ್ಟು ದಿನ ಕಾರ್ಡು ಹೋಗುತ್ತದೆ ಎಂಬ ಭಯ ಒಂದು ಕಡೆ, ಲೈಲ್ ಹೋಗಿದ್ದಾನೆಯೇ ಎಂಬ ಭಯ ಇನ್ನೊಂದು ಕಡೆ, ಎರಡೂ ಹೆಣೆದುಕೊಂಡು ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಈ ಎಂಟು ದಿನ ಕಾರ್ಡಿನ ನೆನಪೇ ಬರಲಿಲ್ಲ. ಫಾರಂ ಚಮಚಗಳ ಕೆಳಗೆ ಇದೆ, ಏಪ್ರಿಲ್ 22 ಹತ್ತಿರ ಬರುತ್ತಿದೆ — ಈಗ ಬರೆಯುವಾಗ ನೆನಪಾಯಿತು.

ಇದು ಪ್ರಮಾಣಕ್ಕೆ ಸಾಕೇ? ಯಾರಿಗೆ ತೋರಿಸಲಿ ಇದನ್ನು?

ಮಾರ್ಚ್ 23, ಶನಿವಾರ. ಸಂಜೆ 6

ಮನಾಂಗ್ ಮನೆಗೆ ಹೋದೆ. ನಾಮಕರಣಕ್ಕೆ ಮುನ್ನೂರು ಲುಂಪಿಯಾ, ಹೂರಣ ತುಂಬಿ ಕರಿಯುವ ಹಿಟ್ಟಿನ ಸುರುಳಿ, ಸುತ್ತುತ್ತಿದ್ದರು, ಬೆರಳಷ್ಟು ತೆಳ್ಳಗೆ. ನಾನೂ ಕೂತು ಸುತ್ತತೊಡಗಿದೆ. ಮೂರು ಹರಿದವು.

"ಏನಾಗಿದೆ ನಿಂಗೆ? ಹಿಟ್ಟಿನ ಮೇಲೆ ಯಾಕೆ ಸಿಟ್ಟು?"

"ಯಾರದು ಮನಾಂಗ್?" ಎಂದೆ.

"ಯಾರು ಯಾರು?"

"ಬೋಟಲ್ಲಿ ಮಲಗೋಳು. ನಿಮ್ಮ ಪತ್ರದಲ್ಲಿರೋಳು."

ಮನಾಂಗ್ ಕೈ ನಿಲ್ಲಿಸಿದರು. ನನ್ನ ಮುಖ ನೋಡಿದರು. ಪತ್ರ ಇಂಗ್ಲಿಷಿನದಾದ್ದರಿಂದ ಉತ್ತರವೂ ಇಂಗ್ಲಿಷಿನಲ್ಲೇ ಬಂತು:

"ಅವಳಾ? ಅವಳೇ ಕಣೇ — ನಿನ್ನ ಗಂಡ!"

ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಹದಿನೆಂಟು ವರ್ಷ ಬಟಾಕ್‌ನಲ್ಲಿ, ಎರಡು ವರ್ಷ ಇಲ್ಲಿ, ಅದೊಂದೇ ತಪ್ಪನ್ನು ತಿದ್ದುತ್ತಾ ಬಂದವಳು ನಾನು. ನನ್ನ ಮನೆಯ ವಿಷಯಕ್ಕೆ ಬಂದಾಗ ಕಣ್ಣಿಗೇ ಬೀಳಲಿಲ್ಲ.

"ಅವನು ಅಂತ ಬರೀಬೇಕಲ್ವಾ ಮನಾಂಗ್!" ಕೂಗಿಬಿಟ್ಟೆ.

"ಅವನೋ ಅವಳೋ, ಒಬ್ಬನೇ ತಾನೇ ಅಲ್ಲಿರೋದು! ಮೂವತ್ತು ವರ್ಷ ಆಯ್ತು ಈ ದೇಶಕ್ಕೆ ಬಂದು. ನನ್ನ ಇಂಗ್ಲಿಷನ್ನ ಒಂದು ಮೀನೂ ತಪ್ಪು ತಿಳ್ಕೊಂಡಿಲ್ಲ." ಆಮೇಲೆ ಹೊಳೆಯಿತು ಅವರಿಗೆ. ಬಾಯಿಗೆ ಕೈ ಇಟ್ಟುಕೊಂಡರು. "ಅಯ್ಯೋ ಹುಚ್ಚಿ. ಹದಿಮೂರು ದಿನದಿಂದ ಇನ್ನೊಬ್ಬಳನ್ನ ಕಲ್ಪಿಸ್ಕೊಂಡು ಕೂತಿದೀಯಾ? ಲೈಲ್‌ಗೆ? ಒಬ್ಬಳ ಹತ್ರ ಮಾತಾಡಕ್ಕೇ ಬರಲ್ಲ!"

ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆನೋ ಅತ್ತೆನೋ... ಮುಖಕ್ಕೆಲ್ಲ ಹಿಟ್ಟಾಗಿತ್ತು.

ಪತ್ರ ಕೊಟ್ಟರು. ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಾ ಓದಿದೆ. ಅವರು ಬರೆದಿದ್ದು ಹೀಗೆ:

ಈ ಮದುವೆ ನಿಜ. ನಾನೇ ಮಾಡಿಸಿದ್ದು. ಅವನು ಸತ್ತ ಡೋರೀನ್‌ಗೆ ಎಡೆ ಇಟ್ಟ. ಅವಳು ಆ ತಟ್ಟೆಯನ್ನು ಬೋಟಿಗೆ ಒಯ್ದು, ಅನ್ನ ಪೂರ್ತಿ ತಿಂದು, ಅತ್ತಳು. ಎಂಟು ವರ್ಷದಲ್ಲಿ ಅವಳು ಅತ್ತಿರಲಿಲ್ಲ. ನವೆಂಬರಿನಿಂದ ಅವಳು ಬೋಟಿನಲ್ಲಿ ಮಲಗುತ್ತಾಳೆ...

ಅವನು ಎಂದರೆ ನಾನು. ಅವಳು ಎಂದರೆ ಲೈಲ್. ಓದುವ ಅಧಿಕಾರಿಗೆ, ಸತ್ತ ಡೋರೀನ್ ಎದ್ದು ಬಂದು ಎಡೆ ಉಂಡು ಬೋಟಿನಲ್ಲಿ ಮಲಗಿದ್ದಾಳೆ ಎಂದೇ ಅನ್ನಿಸುತ್ತದೆ.

ಆಮೇಲೆ ನಮ್ಮ ಭಾಷೆಗೆ ಹೊರಳಿದೆವು. ಮನಾಂಗ್ ಮೆತ್ತಗಾದರು. "ಡೋರೀನ್ ಹೋಗುವಾಗ ಅವನು ಸಮುದ್ರದಲ್ಲಿದ್ದ. ಏಡಿ ಸೀಸನ್ನು. ಬರೋ ಹೊತ್ತಿಗೆ ಮಣ್ಣಾಗಿತ್ತು. ಆಮೇಲೆ ಒಂದು ಹೂವೂ ಇಟ್ಟವನಲ್ಲ ಅವಳಿಗೆ. ನೀನು, ಅವಳ ಮುಖಾನೂ ಕಾಣದೋಳು, ಅನ್ನ ಇಟ್ಟೆ. ನಾಚಿಕೆ ಆಯ್ತು ಅವನಿಗೆ. ನಿನ್ನ ಮುಂದೆ ಕೂತು ಉಣ್ಣಕ್ಕೆ ನಾಚಿಕೆ."

"ಮೂರು ದಿನಕ್ಕೆ ಬರಬಹುದಿತ್ತಲ್ಲ."

"ಬರ್ತಿದ್ದ. ನೀನು ಕರೀಲಿಲ್ಲ. ಆಮೇಲೆ ಈ ಕಾಗದದ ಕಾಲ ಬಂತು. ಈಗ ಹೋದ್ರೆ ಫೆಲ್ ಕಾರ್ಡಿಗೋಸ್ಕರ ಸುಮ್ನೆ ಸಹಿಸ್ಕೋತಾಳೆ, ನಿಜವಾಗ್ಲೂ ಬೇಕಾಗಿದೀನೋ ಇಲ್ವೋ ನಂಗೆ ಗೊತ್ತಾಗೋದೇ ಇಲ್ಲ ಅಂತಾನೆ."

ನಾನು ಅಂದುಕೊಂಡದ್ದನ್ನೇ ಅವನೂ ಅಂದುಕೊಂಡು, ಒಂದು ಮೈಲಿ ದೂರದಲ್ಲಿ.

"ನಂಗ್ಯಾಕೆ ಹೇಳಲಿಲ್ಲ ನೀವು?"

"ಬಾಯಿ ಬಿಡಬೇಡ ಅಂತ ಆಣೆ ಹಾಕಿಸ್ಕೊಂಡಿದಾನೆ. ನಾನು ಬಾಯಿ ಬಿಟ್ಟಿಲ್ಲ. ಬರೆದೆ ಅಷ್ಟೆ."

ಮಾರ್ಚ್ 31, ಭಾನುವಾರ. ಸಂಜೆ 4

ಹೋದ ಭಾನುವಾರ ಅವನು ಮೀನಿಗೆ ಹೋಗಿದ್ದ. ಇವತ್ತು ಅವನು ಬರುವ ಮೊದಲು ನಾನೇ ಹೋದೆ. ಫಾರಂ, ಪೆನ್ನು, ಊಟದ ಡಬ್ಬಿ.

ಎರಡು ವರ್ಷದಲ್ಲಿ ಬೋಟಿನೊಳಗೆ ಇಳಿದದ್ದು ಇದು ಮೂರನೇ ಸಲ. ಡೀಸೆಲ್ ವಾಸನೆ. ಚಿಕ್ಕ ಮೇಜು, ಎದುರು ಬದುರು ಎರಡು ಹಲಗೆ. ನೀಲಿ ಅಂಚಿನ ತಟ್ಟೆ ತೊಳೆದು ಒರಗಿಸಿತ್ತು. ಇಬ್ಬರೂ ಅದನ್ನು ನೋಡಿದೆವು, ಇಬ್ಬರೂ ನೋಡದವರ ಹಾಗೆ ಕೂತೆವು.

"ಪಂಪ್ ಹೇಗಿದೆ?" ಎಂದೆ.

"ಡಿಸೆಂಬರಲ್ಲೇ ಸರಿಹೋಯ್ತು," ಎಂದ. ಕಿವಿ ಕೆಂಪಾಯಿತು.

ಫಾರಂ ಮೇಜಿನ ಮೇಲಿಟ್ಟೆ. "ಇದಕ್ಕೆ ಸಹಿ ಬೇಕು. ಓದಿ ಹಾಕು."

ಓದಿದ. ನಿಧಾನಕ್ಕೆ, ಬೆರಳಿಟ್ಟುಕೊಂಡು. ಗಂಡನ ವಾಸದ ವಿಳಾಸ ಎಂಬಲ್ಲಿ ಬೆರಳು ನಿಂತಿತು.

"ಇಲ್ಲಿ ಏನು ಬರೀಲಿ?"

"ಎಲ್ಲಿ ವಾಸ ಇದೀಯೋ ಅದು."

"ಮನೇದು ಬರೆದ್ರೆ ನಿಂಗೆ ಒಳ್ಳೇದಲ್ವಾ, ಫೆಲ್?"

"ನಂಗೆ ಒಳ್ಳೇದು ಅಂತ ಬರೆದ್ರೆ ಕೆಳಗೆ ನಾನು ಸಹಿ ಹಾಕಕ್ಕಾಗಲ್ಲ."

ಪೆನ್ನು ತೆಗೆದುಕೊಂಡ. ಆಮೇಲೆ ದಪ್ಪಕ್ಷರದಲ್ಲಿ ಬರೆದ: 'ಡೋರೀನ್ ಎಂ.', ಎಫ್ ಸಾಲು, ಹದಿನೇಳು. ಪ್ರಮಾಣದ ಕೆಳಗೆ ಸಹಿ ಹಾಕಿದ, ತಡವರಿಸದೆ. ಪೆನ್ನು ನನಗೆ ದಾಟಿಸಿದ.

ನಾನು ತಡವರಿಸಿದೆ. ಆ ವಾಕ್ಯವನ್ನು ಇನ್ನೊಮ್ಮೆ ಓದಿದೆ. ಲಾಭಕ್ಕಾಗಿ ಆದದ್ದಲ್ಲ. ಅಂದು ಏನೇನು ಬೇಕಿತ್ತೋ, ಪಟ್ಟಿ ಮಾಡಲಾರೆ. ಆದರೆ ಹದಿಮೂರು ದಿನ ಈ ಬಂದರಿನಲ್ಲಿ ಇಲ್ಲದ ಹೆಂಗಸನ್ನು ಕಾಯುತ್ತಾ ನಿಂತದ್ದು ಕಾರ್ಡಿಗಲ್ಲ. ಸಹಿ ಹಾಕಿದೆ.

ಬಾ ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಕಾಗದದ ಮೇಲೆ ಮಸಿ ಆರಿರಲಿಲ್ಲ... ಆ ಮಸಿಯ ಮುಂದೆ ಹೇಗೆ?

ಏಪ್ರಿಲ್ 5, ಶುಕ್ರವಾರ

ಮನಾಂಗ್ ಪತ್ರ ಅಂತೂ ಮುಗಿದಿದೆ. ತಿದ್ದಿ ಬರೆಯಿರಿ ಎಂದೆ. "ಆಗಲ್ಲ! ನೋಟರಿ ಮುದ್ರೆ ಹಾಕಿಸಿದೀನಿ. ಸತ್ಯ ಅಂತ ಕೈ ಎತ್ತಿ ಹೇಳಿದೀನಿ. ನೀನು ತಿದ್ದಿದ್ರೆ ಅದು ನಿನ್ನ ಸತ್ಯ ಆಗುತ್ತೆ." ವಾದಿಸಲಾಗಲಿಲ್ಲ. ಅವರಾಗಿ ಒಪ್ಪಿದ್ದು ಒಂದೇ: ಕೊನೆಯಲ್ಲಿ ಒಂದು ಸಾಲು ಸೇರಿಸಿ ಮತ್ತೆ ಮುದ್ರೆ ಹಾಕಿಸುವುದು. ಹಾಕಿಸಿದ್ದಾರೆ. 'ಇದರಲ್ಲಿ ಅವಳು ಅಂದರೆ ಲೈಲ್. ಅವನು ಅಂದರೆ ಫೆಲಿಸಿಟಾಸ್. ಡೋರೀನ್ ಅಂದರೆ ಡೋರೀನ್.'

ಎರಡನೆಯ ಸಾಕ್ಷಿ ಲೈಲ್‌ನ ಗೆಳೆಯ, ಮೆಕ್ಯಾನಿಕ್. ಅವನ ಪತ್ರ ಸೋಮವಾರ ಸಂಜೆ ಸಿಗುತ್ತದೆ.

ಮನೆಗೆ ನಡೆದು ಬರುವಾಗ ಒಂದು ಯೋಚನೆ. ಫಾರಂನಲ್ಲಿ ಗಂಡ ಬೋಟಿನಲ್ಲಿದ್ದಾನೆ ಎಂದು ಬರೆದಾಗಿದೆ. ಸಹಿಯಾಗಿದೆ. ಈಗ ಅವನು ಮನೆಗೆ ಬಂದರೆ ಕಾಗದಕ್ಕೆ ಏನೂ ಲಾಭವಿಲ್ಲ. ತೊಂದರೆಯೇ. ಹಾಗಾದರೆ ಈಗ ಕರೆದರೆ ಆ ಕರೆಯಲ್ಲಿ ಕಾಗದದ ಪಾಲು ಇಲ್ಲ. ತಾನೇ?

ಮತ್ತೆ ಮತ್ತೆ ತಿರುವಿ ನೋಡಿದೆ, ಎಲ್ಲಾದರೂ ತಪ್ಪಿದೆಯೇ ಎಂದು. ಲೆಕ್ಕದ ಟೀಚರಲ್ಲ ನಾನು.

ಏಪ್ರಿಲ್ 7, ಭಾನುವಾರ. ಸಂಜೆ 5

ಲೈಲ್ ಹನ್ನೆರಡಕ್ಕೆ ಬಂದ. ಹಾಲಿಬಟ್ ಮೀನು. ಉಂಡೆವು. ಅವನು ಕೋಟು ಹಾಕಿ ಮುಗಿಸುವ ಮೊದಲೇ ಹೇಳಿದೆ. ನಿಂತುಕೊಂಡೇ, ಮಕ್ಕಳು ಪದ್ಯ ಒಪ್ಪಿಸುವ ಹಾಗೆ:

"ಲೈಲ್, ಮನೆಗೆ ಬಂದ್ಬಿಡು. ಕಾಗದಕ್ಕಲ್ಲ. ಕಾಗದದಲ್ಲಿ ನೀನು ಬೋಟಲ್ಲಿದೀಯ."

ಕೋಟು ಅರ್ಧ ತೋಳಿನಲ್ಲೇ ಉಳಿಯಿತು. ಆಮೇಲೆ ಹುಬ್ಬು ಗಂಟಿಕ್ಕಿ:

"ಇವತ್ತು ಬಂದ್ರೆ ಕಾಗದ ಸುಳ್ಳಾಗುತ್ತಲ್ಲ, ಫೆಲ್."

ತೊಂದರೆ ಎಂದುಕೊಂಡಿದ್ದೆ, ಸುಳ್ಳಾಗುತ್ತದೆ ಎಂದು ಯೋಚಿಸಿರಲಿಲ್ಲ. ಇಬ್ಬರೂ ಮೇಜಿನ ಮೇಲಿದ್ದ ಲಕೋಟೆ ನೋಡುತ್ತಾ ನಿಂತೆವು. ಹೊಸ ಹಾಳೆ ಬರೆಯಬಹುದು. ಆದರೆ ಅವನು ಮನೆಯಲ್ಲಿದ್ದಾನೆ ಎಂದು ಬರೆದ ಗಳಿಗೆ ಈ ಕರೆ ಮತ್ತೆ ಕಾಗದದ್ದಾಗುತ್ತದೆ. ಅದು ನನಗೂ ಗೊತ್ತು, ಅವನಿಗೂ ಗೊತ್ತು.

"ಯಾವಾಗ ಕಳಿಸ್ತೀಯ?" ಎಂದ.

"ಸೋಮವಾರ ಸಂಜೆ ಪತ್ರ ಸಿಗುತ್ತೆ. ಮಂಗಳವಾರ ಬೆಳಿಗ್ಗೆ."

"ಹಾಗಾದ್ರೆ ಮಂಗಳವಾರ. ಪೋಸ್ಟಾದ ಮೇಲೆ."

"ಕಳಿಸುವಾಗ ನಿಜ ಇದ್ರೆ ಸಾಕು ಅಂತೀಯಾ?"

"ನಂಗೆ ಗೊತ್ತಿಲ್ಲ ಫೆಲ್. ನಂಗೆ ಬಟ್ಟೆ ತರಕ್ಕೆ ಒಂದು ದಿನ ಬೇಕು."

ಬೂಟು ಹಾಕಿಕೊಂಡ. ಶೆಲ್ಫಿನ ಕಡೆ ತಿರುಗಿ ಡೋರೀನ್ ಫೋಟೋ ನೋಡಿದ. ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ ಹೇಳಿದ:

"ಮುಂದಿನ ಸಲ ಕಾಫಿ ಇಡಬೇಡ. ಅವಳು ಟೀ ಕುಡೀತಿದ್ಲು."

ಹೋದ. ಆಗಿನಿಂದ ಕಿಟಕಿಯ ಬಳಿಯೇ ಇದ್ದೇನೆ. ಬೇರೆ ಇದ್ದೇವೆ ಎಂಬ ಕಾಗದ ನಿಜವಾಗಿರಲಿ ಎಂದು ಇನ್ನೆರಡು ದಿನ ಬೇರೆ ಇರುವುದು — ಇದು ಪ್ರಾಮಾಣಿಕತೆಯೋ, ಹುಚ್ಚೋ? ಶೀತದ ಆ ವಕೀಲೆಗೆ ಫೋನ್ ಮಾಡಿ ಕೇಳಬೇಕು. ಏನೆಂದು ಕೇಳಲಿ? ಗಂಡ ಬರುತ್ತಾನಂತೆ ಮೇಡಂ, ತಪ್ಪೇ? ಬೇಡ. ನಾಳೆ ಪತ್ರ ತರುವುದು, ಲಕೋಟೆ ಅಂಟಿಸುವುದು. ಪೋಸ್ಟ್ ಮಾಡುವುದು ಏಪ್ರಿಲ್ 9, ಮಂಗಳವಾರ. ಆ ಸಂಜೆ ಇಡುವ ಅನ್ನ ಇಬ್ಬರಿಗೇ.